ಇಂಗ್ಲಿಷಿನಲ್ಲಿ ಬದ್ಧತೆ ಮತ್ತು ಬಾಧ್ಯತೆಯನ್ನು ಹೇಳುವುದು ಹೇಗೆ: ಅರ್ಜಿ, ಸಂದರ್ಶನ, ಕರಾರುಗಳಿಗೊಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಜೆರಾಕ್ಸ್ ಅಂಗಡಿಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕುವವರ ಬಯೋಡೇಟಾಗಳನ್ನು ಟೈಪು ಮಾಡಿಕೊಡುವುದುಂಟು. ಅವುಗಳಲ್ಲಿ ಹೆಸರು, ವಿಳಾಸ, ಅಂಕಗಳು ಬದಲಾದರೂ ‘ಐ ಆಮ್ ಎ ಹಾರ್ಡ್‌ವರ್ಕಿಂಗ್, ಸಿನ್ಸಿಯರ್ ಅಂಡ್ ಡೆಡಿಕೇಟೆಡ್ ಪರ್ಸನ್’ ಎಂಬ ಸಾಲು ಮಾತ್ರ ಒಬ್ಬರಿಂದ ಒಬ್ಬರಿಗೆ ಹಾಗೆಯೇ ಸಾಗುತ್ತಿರುತ್ತದೆ. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಓದಿದ ಅಧಿಕಾರಿಗೆ ಅಭ್ಯರ್ಥಿಯ ಬಗ್ಗೆ ಹೊಸದಾಗಿ ಏನೂ ತಿಳಿಯುವುದಿಲ್ಲ. ಬದ್ಧತೆಯನ್ನಾಗಲಿ ಬಾಧ್ಯತೆಯನ್ನಾಗಲಿ ಇಂಗ್ಲಿಷಿನಲ್ಲಿ ಹೇಳುವಾಗ ಮಾತಿಗೆ ಬಲ ಬರುವುದು ದೊಡ್ಡ ವಿಶೇಷಣಗಳಿಂದಲ್ಲ, ನಾಳೆ ಆ ಮಾತನ್ನು ಹಿಡಿದು ಯಾರು, ಏನನ್ನು ಕೇಳಬಹುದು ಎಂಬುದರಿಂದ. ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ಯಾವ ನುಡಿಗಟ್ಟನ್ನು ಎಲ್ಲಿ ಬಳಸಬೇಕೆಂಬುದು ಬಹುಪಾಲು ತಾನಾಗಿಯೇ ಇತ್ಯರ್ಥವಾಗುತ್ತದೆ.

ಮೊದಲ ಹೆಜ್ಜೆ: ಕಟ್ಟುಪಾಡು ಯಾರದು ಎಂದು ಗುರುತಿಸಿಕೊಳ್ಳುವುದು

ಕನ್ನಡದ ‘ಬೇಕು’ ಬಹಳ ಕೆಲಸಗಳನ್ನು ಒಬ್ಬಂಟಿಯಾಗಿ ಮಾಡುತ್ತದೆ. ಖಾಸಗಿ ಆಸ್ಪತ್ರೆಯೊಂದರ ನರ್ಸ್ ಮನೆಗೆ ಫೋನು ಮಾಡಿ ‘ಇವತ್ತು ರಾತ್ರಿ ನಾನು ಇಲ್ಲೇ ಇರಬೇಕವ್ವ’ ಎಂದು ತಾಯಿಗೆ ಹೇಳಿದರೆ, ಹಾಗೆ ಇರಲು ಕಾರಣವೇನೆಂಬುದು ಆ ವಾಕ್ಯದಲ್ಲಿ ಇರುವುದಿಲ್ಲ. ಹಿಂದುಮುಂದಿನ ಮಾತುಗಳಿಂದ ತಾಯಿಗೆ ಅದು ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಾದರೋ ಕಾರಣಕ್ಕೆ ತಕ್ಕಂತೆ ವಾಕ್ಯವೇ ಬೇರೆಯಾಗುತ್ತದೆ.

ಪಾಳಿಯ ಪಟ್ಟಿಯಲ್ಲಿ ಆಕೆಯ ಹೆಸರಿದ್ದರೆ, ಅಂದರೆ ಹೊರಗಿನಿಂದ ಬಂದ ಅಗತ್ಯವಾದರೆ, ‘ಐ ಹ್ಯಾವ್ ಟು ಸ್ಟೇ ಟುನೈಟ್’ ಎನ್ನಬೇಕು. ವಾರ್ಡಿನ ಸ್ಥಿತಿಯನ್ನು ಕಂಡು ತಾನೇ ನಿಶ್ಚಯಿಸಿದ್ದರೆ ‘ಐ ಮಸ್ಟ್ ಸ್ಟೇ’ ಹೊಂದುತ್ತದೆ. ಉಳಿದರೆ ಒಳ್ಳೆಯದು, ಉಳಿಯದಿದ್ದರೆ ಯಾರೂ ತಕರಾರು ಮಾಡುವುದಿಲ್ಲ ಎನ್ನುವ ಸಂದರ್ಭಕ್ಕೆ ‘ಐ ಶುಡ್ ಸ್ಟೇ’ ಸಾಕು. ನೇಮಕಾತಿ ಆದೇಶದಲ್ಲಿಯೇ ಷರತ್ತಿದ್ದರೆ ‘ಐ ಆಮ್ ರಿಕ್ವೈರ್ಡ್ ಟು ಸ್ಟೇ’ ಎಂಬ ಔಪಚಾರಿಕ ರೂಪ ಸರಿ. ರಜೆಯ ಮೇಲೆ ಹೋದ ಗೆಳತಿಗೆ ಮಾತು ಕೊಟ್ಟಿದ್ದರೆ ‘ಐ ಹ್ಯಾವ್ ಗಿವನ್ ಹರ್ ಮೈ ವರ್ಡ್’ ಎನ್ನಬಹುದು. ಯಾರೂ ಹೇಳದೆ, ಯಾವ ನಿಯಮವೂ ಇಲ್ಲದೆ, ರೋಗಿಯ ಮುಖ ನೋಡಿ ಮನಸ್ಸೊಪ್ಪದೆ ಉಳಿದುಕೊಂಡಿದ್ದರೆ ‘ಐ ಓ ಇಟ್ ಟು ದಿ ಪೇಷಂಟ್’ ಎಂಬ ಸಣ್ಣ ವಾಕ್ಯದಲ್ಲಿ ಋಣದ ಭಾವವೂ ಬರುತ್ತದೆ. ‘ಐ ಆಮ್ ಸಪೋಸ್ಡ್ ಟು ಸ್ಟೇ’ ಎಂದರೆ ಮಾತ್ರ ಎಚ್ಚರ ಬೇಕು: ಇರಬೇಕಾದದ್ದು ಹೌದು, ಇರುತ್ತೇನೋ ಇಲ್ಲವೋ ಹೇಳಲಾರೆ ಎಂಬ ಸಣ್ಣ ಅನುಮಾನ ಅದರೊಳಗಿದೆ. ಸಂದರ್ಶನದಲ್ಲಿ ತಮ್ಮ ಕರ್ತವ್ಯಗಳನ್ನು ವಿವರಿಸುವವರು ಈ ರೂಪವನ್ನು ದೂರವಿಡುವುದು ಕ್ಷೇಮ.

ಹೀಗೆ, ಬರೆಯುವ ಮುನ್ನ ನಿಮ್ಮ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡು, ಆ ‘ಬೇಕು’ ನಿಯಮದ್ದೋ, ಮೇಲಧಿಕಾರಿಯದೋ, ಕೊಟ್ಟ ಮಾತಿನದೋ, ಅಂತಃಕರಣದ್ದೋ ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನ ಎಲ್ಲ ಹೆಜ್ಜೆಗಳೂ ಈ ಗುರುತಿನ ಮೇಲೆ ನಿಂತಿವೆ.

ಎರಡನೆಯ ಹೆಜ್ಜೆ: ನಿಷೇಧ ಮತ್ತು ಭೂತಕಾಲದಲ್ಲಿ ಜಾರದಿರುವುದು

‘ಮಸ್ಟ್’ ಮತ್ತು ‘ಹ್ಯಾವ್ ಟು’ಗಳ ನಡುವಿನ ವ್ಯತ್ಯಾಸ ನಿಷೇಧವಿಲ್ಲದ ವಾಕ್ಯಗಳಲ್ಲಿ ಸೂಕ್ಷ್ಮವಾದದ್ದು, ಅಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬಂದರೂ ಆಕಾಶ ಕಳಚಿ ಬೀಳುವುದಿಲ್ಲ. ನಿಷೇಧಕ್ಕೆ ಬಂದ ಕೂಡಲೇ ಎರಡೂ ಎರಡು ದಿಕ್ಕಿಗೆ ಹೋಗುತ್ತವೆ. ‘ಯು ಮಸ್ಟ್ ನಾಟ್ ಸೈನ್’ ಎಂದರೆ ಸಹಿ ಮಾಡಕೂಡದು. ‘ಯು ಡೋಂಟ್ ಹ್ಯಾವ್ ಟು ಸೈನ್’ ಅಥವಾ ‘ಯು ನೀಡ್ ನಾಟ್ ಸೈನ್’ ಎಂದರೆ ಸಹಿ ಮಾಡಬೇಕಾಗಿಲ್ಲ, ಮಾಡಿದರೂ ಅಡ್ಡಿಯಿಲ್ಲ. ‘ಕೂಡದು’ ಮತ್ತು ‘ಬೇಕಾಗಿಲ್ಲ’ಗಳ ಭೇದ ನಮ್ಮ ನಾಲಿಗೆಗೆ ಚೆನ್ನಾಗಿ ಗೊತ್ತಿರುವುದರಿಂದ ಇಲ್ಲಿ ಕನ್ನಡಿಗರಿಗೆ ಕಷ್ಟವೇ ಇರಬಾರದು, ಆದರೂ ಬ್ಯಾಂಕು, ಕಾಲೇಜುಗಳ ಸೂಚನಾ ಫಲಕಗಳಲ್ಲಿ ಇವು ಅದಲುಬದಲಾಗುವುದನ್ನು ಕಾಣುತ್ತೇವೆ.

ಭೂತಕಾಲದಲ್ಲಿ ‘ಮಸ್ಟ್’ಗೆ ಬಾಧ್ಯತೆಯ ರೂಪವಿಲ್ಲ. ‘ನಾನು ಚಿತ್ರದುರ್ಗಕ್ಕೆ ಹೋಗಬೇಕಾಯಿತು’ ಎನ್ನಲು ‘ಐ ಹ್ಯಾಡ್ ಟು ಗೋ ಟು ಚಿತ್ರದುರ್ಗ’ ಎಂದೇ ಹೇಳಬೇಕು. ‘ಹಿ ಮಸ್ಟ್ ಹ್ಯಾವ್ ಗಾನ್’ ಎಂದರೆ ‘ಅವನು ಹೋಗಿರಬೇಕು’ ಎಂಬ ಊಹೆ. ‘ಐ ಶುಡ್ ಹ್ಯಾವ್ ಗಾನ್’ ಎಂದರೆ ‘ನಾನು ಹೋಗಬೇಕಿತ್ತು, ಹೋಗಲಿಲ್ಲ’ ಎಂಬ ಪಶ್ಚಾತ್ತಾಪ. ಈ ಮೂರು ಕನ್ನಡ ರೂಪಗಳನ್ನು ಮೂರು ಇಂಗ್ಲಿಷ್ ರೂಪಗಳಿಗೆ ಜೋಡಿಸಿ ಬಾಯಿಪಾಠ ಮಾಡಿಕೊಂಡವರು ಈ ವಿಷಯದಲ್ಲಿ ಬೇರೆ ನಿಯಮಗಳನ್ನು ಓದಬೇಕಾಗಿಲ್ಲ.

ಮರ್ಯಾದೆಯ ಪ್ರಶ್ನೆಯೂ ಒಂದಿದೆ. ಮೇಲಧಿಕಾರಿಗೆ ‘ಯು ಮಸ್ಟ್ ಸೈನ್ ದಿಸ್ ಟುಡೇ’ ಎಂದು ಬರೆದರೆ ಅದು ಅಪ್ಪಣೆಯಂತೆ ಕೇಳಿಸುತ್ತದೆ. ಅದೇ ಅಗತ್ಯವನ್ನು ಕಾಗದದ ಮೇಲೆ ಹೊರಿಸಿ ‘ದಿಸ್ ನೀಡ್ಸ್ ಟು ಬಿ ಸೈನ್ಡ್ ಟುಡೇ’ ಎಂದರೆ ತುರ್ತೂ ಉಳಿಯುತ್ತದೆ, ವಿನಯವೂ ಉಳಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಮದುವೆಗೆ ಕರೆಯುವಾಗ ‘ಯು ಮಸ್ಟ್ ಕಮ್’ ಎನ್ನುವುದು ಒರಟುತನವಲ್ಲ; ನಾವು ‘ಬರಲೇಬೇಕು, ತಪ್ಪಿಸಬಾರದು’ ಎಂದು ಒತ್ತಾಯಿಸುವ ಪ್ರೀತಿಯೇ ಅಲ್ಲಿಯೂ ಇದೆ.

ಮೂರನೆಯ ಹೆಜ್ಜೆ: ‘ಟು’ ಆದಮೇಲೆ ಏನು ಬರಬೇಕೆಂದು ಪರೀಕ್ಷಿಸುವುದು

ಅರ್ಜಿಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು: ‘ಐ ಆಮ್ ಡೆಡಿಕೇಟೆಡ್ ಟು ಸರ್ವ್’. ‘ಡೆಡಿಕೇಟೆಡ್’, ‘ಡಿವೋಟೆಡ್’, ‘ಕಮಿಟೆಡ್’ ಎಂಬ ವಿಶೇಷಣಗಳ ಮುಂದಿನ ‘ಟು’ ಒಂದು ಉಪಸರ್ಗ (ಪ್ರಿಪೊಸಿಷನ್). ಅದರ ನಂತರ ನಾಮಪದ ಅಥವಾ ‘ಇಂಗ್’ ರೂಪ ಬರಬೇಕು. ಆದ್ದರಿಂದ ‘ಡೆಡಿಕೇಟೆಡ್ ಟು ಸರ್ವಿಂಗ್’, ‘ಕಮಿಟೆಡ್ ಟು ಇಂಪ್ರೂವಿಂಗ್’ ಎಂಬುವು ಶಿಷ್ಟ ರೂಪಗಳು. ‘ಬೌಂಡ್’, ‘ಒಬ್ಲೈಜ್ಡ್’, ‘ಡಿಟರ್ಮಿನ್ಡ್’ ಎಂಬ ಪದಗಳ ನಂತರ, ಹಾಗೆಯೇ ‘ರಿಸಾಲ್ವ್’, ‘ಪ್ಲೆಜ್’, ‘ವೌ’, ‘ಅಂಡರ್‌ಟೇಕ್’ ಎಂಬ ಕ್ರಿಯಾಪದಗಳ ನಂತರ ಮಾತ್ರ ಮೂಲ ಕ್ರಿಯಾರೂಪ ಬರುತ್ತದೆ: ‘ಡಿಟರ್ಮಿನ್ಡ್ ಟು ಫಿನಿಶ್’, ‘ಪ್ಲೆಜ್ ಟು ಸಪೋರ್ಟ್’.

ಯಾವುದು ಯಾವ ಗುಂಪಿಗೆ ಸೇರಿತೆಂದು ನೆನಪಿಡಲಾಗದಿದ್ದರೆ ಒಂದು ಸುಲಭ ಪರೀಕ್ಷೆಯಿದೆ. ‘ಟು’ ಆದಮೇಲೆ ‘ಕ್ವಾಲಿಟಿ’ ಎಂಬ ನಾಮಪದವನ್ನು ಇಟ್ಟು ನೋಡಿ. ‘ಕಮಿಟೆಡ್ ಟು ಕ್ವಾಲಿಟಿ’ ಎನ್ನಬಹುದು, ಹಾಗಾಗಿ ಅಲ್ಲಿ ‘ಇಂಗ್’ ರೂಪ. ‘ಡಿಟರ್ಮಿನ್ಡ್ ಟು ಕ್ವಾಲಿಟಿ’ ಎಂದರೆ ಅರ್ಥವೇ ಇಲ್ಲ, ಹಾಗಾಗಿ ಅಲ್ಲಿ ಮೂಲ ಕ್ರಿಯಾರೂಪ. ‘ಕಮಿಟ್’ ಎಂಬುದನ್ನು ನೇರ ಕ್ರಿಯಾಪದವಾಗಿ ಬಳಸುವಾಗ ಇಂದಿನ ಇಂಗ್ಲಿಷಿನಲ್ಲಿ ಎರಡೂ ರೂಪಗಳು ಕಾಣಸಿಗುತ್ತವೆ. ಅರ್ಜಿಯಲ್ಲಿ ‘ಇಂಗ್’ ರೂಪಕ್ಕೆ ಅಂಟಿಕೊಂಡವರಿಗೆ ನಷ್ಟವಿಲ್ಲ.

ನಾಲ್ಕನೆಯ ಹೆಜ್ಜೆ: ಬದ್ಧತೆಗೆ ಸಾಕ್ಷಿ ಜೋಡಿಸುವುದು

‘ಡಿವೋಟೆಡ್’ ಎಂಬುದರಲ್ಲಿ ಪ್ರೀತಿ ಹೆಚ್ಚು, ‘ಡೆಡಿಕೇಟೆಡ್’ ಎಂಬುದರಲ್ಲಿ ಸಮಯ ಮತ್ತು ಶ್ರಮ ಹೆಚ್ಚು, ‘ಕಮಿಟೆಡ್’ ಎಂಬುದರಲ್ಲಿ ಹಿಂದೆ ಸರಿಯುವುದಿಲ್ಲವೆಂಬ ಸೂಚನೆ ಹೆಚ್ಚು, ‘ಡಿಟರ್ಮಿನ್ಡ್’ ಎಂಬುದರಲ್ಲಿ ಹಟ ಹೆಚ್ಚು. ತಾಯಿಯೊಬ್ಬಳು ಮಕ್ಕಳಿಗೆ ‘ಡಿವೋಟೆಡ್’ ಆಗಿರುತ್ತಾಳೆ. ಕಂಪನಿಯ ಲೆಕ್ಕಪತ್ರಗಳಿಗೆ ‘ಡಿವೋಟೆಡ್’ ಎಂದರೆ ಓದುವವರು ನಕ್ಕಾರು. ‘ಪ್ಲೆಜ್’ ನಾಲ್ಕು ಜನರ ಎದುರು ಮಾಡುವ ಘೋಷಣೆ, ‘ವೌ’ ಪಣ ತೊಡುವಂಥದ್ದು, ‘ರಿಸಾಲ್ವ್’ ಯೋಚಿಸಿ ಮಾಡಿದ ಸಂಕಲ್ಪ. ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲಿ ಭಾರತದ ಜನತೆ ಹೇಳಿಕೊಳ್ಳುವುದು ‘ಹ್ಯಾವಿಂಗ್ ಸಾಲೆಮ್ನ್‌ಲಿ ರಿಸಾಲ್ವ್ಡ್’ ಎಂದೇ.

ಪದದ ಆಯ್ಕೆಗಿಂತ ಮುಖ್ಯವಾದದ್ದು ಅದರ ಬೆನ್ನಿಗೆ ನಿಲ್ಲುವ ವಿವರ. ಮೊದಲು ಹೇಳಿದ ಬಯೋಡೇಟಾದ ಸಾಲನ್ನೇ ತೆಗೆದುಕೊಳ್ಳೋಣ. ಹರಿಹರದಿಂದ ದಿನವೂ ಬಸ್ಸಿನಲ್ಲಿ ದಾವಣಗೆರೆಗೆ ಬಂದು, ಹಗಲು ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ಯುವಕನೊಬ್ಬ ತನ್ನನ್ನು ‘ಡೆಡಿಕೇಟೆಡ್ ಪರ್ಸನ್’ ಎಂದು ಕರೆದುಕೊಳ್ಳುವ ಅಗತ್ಯವೇ ಇಲ್ಲ. ‘ಐ ಕಂಪ್ಲೀಟೆಡ್ ಮೈ ಡಿಗ್ರಿ ಇನ್ ಈವನಿಂಗ್ ಕಾಲೇಜ್ ವೈಲ್ ಕೀಪಿಂಗ್ ಅಕೌಂಟ್ಸ್ ಫುಲ್‌ಟೈಮ್ ಅಟ್ ಎ ಕ್ಲಾತ್ ಶಾಪ್’ ಎಂದು ಬರೆದರೆ ಸಮರ್ಪಣೆ ತಾನಾಗಿಯೇ ಕಾಣುತ್ತದೆ. ಅದರ ಮುಂದೆ ‘ಐ ಆಮ್ ಕಮಿಟೆಡ್ ಟು ಬಿಲ್ಡಿಂಗ್ ಎ ಕರಿಯರ್ ಇನ್ ಅಕೌಂಟ್ಸ್’ ಎಂಬ ಒಂದೇ ವಾಕ್ಯ ಸೇರಿಸಿದರೆ ಆ ‘ಕಮಿಟೆಡ್’ ಎಂಬ ಪದಕ್ಕೆ ತೂಕ ಬರುತ್ತದೆ. ಸಂದರ್ಶಕರು ಆ ಮಾತನ್ನು ಹಿಡಿದು ಪ್ರಶ್ನೆ ಕೇಳಿದರೂ ಉತ್ತರಿಸಲು ಅವನ ಬಳಿ ಸರಕಿರುತ್ತದೆ.

ಸಿದ್ಧ ನುಡಿಗಟ್ಟುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ‘ಲೀವ್ ನೋ ಸ್ಟೋನ್ ಅನ್‌ಟರ್ನ್ಡ್’ ಹುಡುಕಾಟಕ್ಕೆ, ತನಿಖೆಗೆ ಸರಿ. ಸ್ವಪ್ರಶಂಸೆಯಲ್ಲಿ ಅದು ಹಳಸಲು. ‘ಗೋ ದಿ ಎಕ್ಸ್‌ಟ್ರಾ ಮೈಲ್’ ಬೈಬಲಿನ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಿಂದ ಬಂದದ್ದು: ಒಂದು ಮೈಲಿ ಬರಲು ಬಲವಂತ ಮಾಡಿದವನೊಡನೆ ಎರಡು ಮೈಲಿ ಹೋಗು ಎಂಬ ಬೋಧನೆ ಅದು. ಕಡ್ಡಾಯವಾದದ್ದನ್ನು ಮಾಡಿದ ಮೇಲೆ ಸ್ವಂತ ಇಚ್ಛೆಯಿಂದ ಇನ್ನಷ್ಟು ಮಾಡುವುದೆಂಬ ಅರ್ಥವಿರುವುದರಿಂದ, ಹಾಗೆ ಮಾಡಿದ ಕೆಲಸವನ್ನು ಹೆಸರಿಸಲು ಸಾಧ್ಯವಿದ್ದಾಗ ಮಾತ್ರ ಬಳಸಬೇಕು. ‘ಡು ಆರ್ ಡೈ’ 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಗಾಂಧೀಜಿ ಕೊಟ್ಟ ಕರೆ. ‘ಮಾಡು ಇಲ್ಲವೇ ಮಡಿ’ ಎಂಬ ಆ ಮಾತನ್ನು ತಿಂಗಳ ಮಾರಾಟದ ಗುರಿಗೆ ಹಚ್ಚುವುದು ಅತಿಯಾಯಿತು. ‘ಬೈ ಹುಕ್ ಆರ್ ಬೈ ಕ್ರೂಕ್’ ಎಂಬುದನ್ನಂತೂ ಅರ್ಜಿಯಿಂದ ತೆಗೆದೇಬಿಡಿ. ಅದರರ್ಥ ಏನಕೇನ ಪ್ರಕಾರೇಣ, ಅಡ್ಡದಾರಿಯಾದರೂ ಸರಿ ಎಂದು. ಲೆಕ್ಕಪತ್ರ ನೋಡಿಕೊಳ್ಳಲು ಬರುವವರ ಬಾಯಲ್ಲಿ ಯಾವ ಮಾಲೀಕರೂ ಅದನ್ನು ಕೇಳಲು ಬಯಸುವುದಿಲ್ಲ.

ಐದನೆಯ ಹೆಜ್ಜೆ: ಪ್ರಯತ್ನವನ್ನೂ ಭರವಸೆಯನ್ನೂ ಬೇರೆ ಮಾಡುವುದು

ವ್ಯವಹಾರದ ಪತ್ರಗಳಲ್ಲಿ ಬದ್ಧತೆಯ ಭಾಷೆ ಹಣದ ಭಾಷೆಯಾಗುತ್ತದೆ. ಮೆಕ್ಕೆಜೋಳ ದಾವಣಗೆರೆ ಸೀಮೆಯ ಪ್ರಮುಖ ಬೆಳೆ. ಇಲ್ಲಿನ ವರ್ತಕರೊಬ್ಬರು ಹೊರರಾಜ್ಯದ ಕೋಳಿ ಆಹಾರದ ಕಾರ್ಖಾನೆಗೆ ‘ವಿ ವಿಲ್ ಡು ಅವರ್ ಲೆವೆಲ್ ಬೆಸ್ಟ್ ಟು ಸಪ್ಲೈ ದಿ ಮೆಯ್ಜ್ ಆಸ್ ಅರ್ಲಿ ಆಸ್ ಪಾಸಿಬಲ್’ ಎಂದು ಬರೆದರೆ, ಅವರು ಪ್ರಯತ್ನಕ್ಕೆ ಮಾತ್ರ ಮಾತು ಕೊಟ್ಟಂತಾಯಿತು. ಸರಕು, ದಿನಾಂಕ, ಗುಣಮಟ್ಟ ಒಂದಕ್ಕೂ ಮಾತು ಕೊಟ್ಟಿಲ್ಲ. ‘ವಿ ಅಂಡರ್‌ಟೇಕ್ ಟು ಡೆಲಿವರ್ 40 ಟನ್ಸ್ ಆಫ್ ಮೆಯ್ಜ್, ವಿತ್ ಮಾಯಿಶ್ಚರ್ ನಾಟ್ ಎಕ್ಸೀಡಿಂಗ್ 14 ಪರ್ಸೆಂಟ್, ಬೈ ನವೆಂಬರ್ 20’ ಎಂದು ಬರೆದರೆ ಮೂರಕ್ಕೂ ಕೊರಳೊಡ್ಡಿದಂತೆ. ಎರಡನೆಯದು ಬಲವಾದ ವಾಕ್ಯವೆಂದು ಕಣ್ಣು ಮುಚ್ಚಿ ಅದನ್ನೇ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಮಳೆ ಹಿಡಿದು ಕಣದಲ್ಲಿ ಕಾಳು ಒಣಗದಿದ್ದರೆ ಏನು ಗತಿ ಎಂದು ಯೋಚಿಸಿ, ‘ಸಬ್ಜೆಕ್ಟ್ ಟು’ ಅಥವಾ ‘ಪ್ರೊವೈಡೆಡ್ ದಟ್’ ಎಂದು ಷರತ್ತನ್ನು ಆ ವಾಕ್ಯದಲ್ಲಿಯೇ ಹಾಕಬೇಕು. ಷರತ್ತು ಬದ್ಧತೆಯನ್ನು ದುರ್ಬಲಗೊಳಿಸುವುದಿಲ್ಲ. ಅದರ ಗಡಿ ಎಲ್ಲಿಯವರೆಗೆ ಎಂದು ತೋರಿಸುತ್ತದೆ. ಇಲ್ಲಿಯೇ ಇನ್ನೊಂದು ಮಾತು: ‘ಬೈ ನವೆಂಬರ್ 20’ ಎಂದರೆ ಇಪ್ಪತ್ತರೊಳಗೆ, ‘ಟಿಲ್ ನವೆಂಬರ್ 20’ ಎಂದರೆ ಇಪ್ಪತ್ತರವರೆಗೆ. ಇವು ಅದಲುಬದಲಾಗಿ ಲಾರಿ ನಿಂತಲ್ಲೇ ನಿಂತ ಮೇಲೆ ವ್ಯಾಕರಣದ ಚರ್ಚೆಗೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಪ್ರಯತ್ನಕ್ಕೂ ಭರವಸೆಗೂ ಇರುವ ಅಂತರವನ್ನು ನಮ್ಮ ಸಂವಿಧಾನದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ವಿರಳ. ಮೂಲ 45ನೆಯ ವಿಧಿಯಲ್ಲಿ ರಾಜ್ಯವು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಹತ್ತು ವರ್ಷಗಳೊಳಗೆ ಒದಗಿಸಲು ‘ಶಲ್ ಎಂಡೆವರ್ ಟು ಪ್ರೊವೈಡ್’, ಅಂದರೆ ಪ್ರಯತ್ನಿಸತಕ್ಕದ್ದು, ಎಂದಿತ್ತು. ಆ ವಿಧಿಯಿರುವ ಭಾಗದ ನಿರ್ದೇಶಕ ತತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸಲಾಗದು ಎಂದು 37ನೆಯ ವಿಧಿ ಹೇಳುತ್ತದೆ. 2002ರ 86ನೆಯ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಭಾಗಕ್ಕೆ 21ಎ ವಿಧಿ ಸೇರಿತು. ಅಲ್ಲಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ವಿಷಯದಲ್ಲಿ ‘ಎಂಡೆವರ್’ ಎಂಬ ಪದ ಬಿಟ್ಟುಹೋಗಿ ‘ಶಲ್ ಪ್ರೊವೈಡ್’ ಎಂದಷ್ಟೇ ಉಳಿಯಿತು. ಪೋಷಕರು ನ್ಯಾಯಾಲಯದಲ್ಲಿ ನಿಂತು ಹಕ್ಕು ಕೇಳಲು ಈಗ ಸಾಧ್ಯ. ನಮ್ಮ ಮೆಕ್ಕೆಜೋಳದ ಪತ್ರದ ಎರಡು ವಾಕ್ಯಗಳ ನಡುವಿನ ಅಂತರವೂ ಇದೇ.

ಆರನೆಯ ಹೆಜ್ಜೆ: ‘ಶಲ್’, ‘ಹಿಯರ್‌ಬೈ’, ‘ಲಯಬಲ್’ ಇರುವ ಕಾಗದಗಳನ್ನು ಓದಿ ಸಹಿ ಮಾಡುವುದು

ಕಾನೂನಿನ ಇಂಗ್ಲಿಷಿನ ‘ಶಲ್’ ಭವಿಷ್ಯತ್ಕಾಲವಲ್ಲ. ನಮ್ಮ ಅಧಿನಿಯಮಗಳ ಕನ್ನಡದಲ್ಲಿ ಬರುವ ‘ತಕ್ಕದ್ದು’ ಎಂಬುದಕ್ಕೆ ಅದು ಸಮ: ‘ದಿ ಟೆನೆಂಟ್ ಶಲ್ ಪೇ’ ಎಂದರೆ ಬಾಡಿಗೆದಾರನು ಪಾವತಿಸತಕ್ಕದ್ದು. ಹೀಗಿದ್ದರೂ ಎಲ್ಲ ‘ಶಲ್’ಗಳೂ ಒಂದೇ ತೂಕದವಲ್ಲ, ಸಂವಿಧಾನದ 320ನೆಯ ವಿಧಿಯಲ್ಲಿ ಲೋಕಸೇವಾ ಆಯೋಗದ ಸಲಹೆ ಪಡೆಯುವ ಬಗ್ಗೆ ಇರುವ ‘ಶಲ್’ ಅಷ್ಟು ಕಡ್ಡಾಯವಾದದ್ದಲ್ಲವೆಂದು ಸುಪ್ರೀಂ ಕೋರ್ಟ್ 1957ರಲ್ಲಿಯೇ ಹೇಳಿತು. ದಿನನಿತ್ಯದ ಪತ್ರಗಳಲ್ಲಿ ಈ ಪದವನ್ನು ಬಿಟ್ಟು ‘ಮಸ್ಟ್’ ಅಥವಾ ‘ವಿಲ್’ ಬಳಸುವುದೇ ಒಳ್ಳೆಯದು. ಕಂಪ್ಯೂಟರ್ ಓದುತ್ತಿರುವ ವಿದ್ಯಾರ್ಥಿಗಳಿಗೆ ಇನ್ನೂ ಖಚಿತವಾದ ಮಾದರಿಯೊಂದಿದೆ: ಅಂತರ್ಜಾಲದ ತಾಂತ್ರಿಕ ದಾಖಲೆಗಳಲ್ಲಿ ‘ಮಸ್ಟ್’, ‘ಶುಡ್’, ‘ಮೇ’ ಎಂಬ ಪದಗಳ ಅರ್ಥವನ್ನು 1997ರ ಆರ್‌ಎಫ್‌ಸಿ 2119 ಎಂಬ ದಾಖಲೆ ನಿಗದಿ ಮಾಡಿತು. ಅಲ್ಲಿ ‘ಮಸ್ಟ್’ ತಪ್ಪಿಸಲಾಗದ್ದು, ‘ಶುಡ್’ ಸಕಾರಣವಿದ್ದರೆ ಬಿಡಬಹುದಾದದ್ದು, ‘ಮೇ’ ಐಚ್ಛಿಕ.

‘ಅಂಡರ್‌ಟೇಕಿಂಗ್’ ಎಂಬುದು ಮುಚ್ಚಳಿಕೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2009ರ ನಿಯಮಗಳ ಪ್ರಕಾರ ಕಾಲೇಜಿಗೆ ಸೇರುವ ಪ್ರತಿ ವಿದ್ಯಾರ್ಥಿಯೂ, ಜೊತೆಗೆ ಪೋಷಕರೂ, ರ‍್ಯಾಗಿಂಗ್ ವಿರುದ್ಧ ಇಂಥದೊಂದನ್ನು ಬರೆದುಕೊಡಬೇಕು. ಅದರಲ್ಲಿ ‘ಐ ಹಿಯರ್‌ಬೈ’ ಎಂದು ಆರಂಭವಾಗುವ ವಾಕ್ಯಗಳಲ್ಲಿ ಹೇಳುವುದೇ ಮಾಡುವುದು: ಸಹಿ ಹಾಕಿದ ಕ್ಷಣದಲ್ಲಿ ಘೋಷಣೆ ನಡೆದುಹೋಯಿತು, ಆಮೇಲೆ ‘ನಾನು ಓದಿರಲಿಲ್ಲ’ ಎನ್ನುವುದು ನಡೆಯುವುದಿಲ್ಲ. ‘ಲಯಬಲ್ ಫಾರ್ ದಿ ಲಾಸ್’ ಎಂದರೆ ನಷ್ಟಕ್ಕೆ ಹೊಣೆ, ‘ಲಯಬಲ್ ಟು ಪೇ’ ಎಂದರೆ ತೆರಲು ಬಾಧ್ಯ. ಆದರೆ ‘ಲಯಬಲ್ ಟು ಬ್ರೇಕ್’ ಎಂದರೆ ಮುರಿಯುವ ಸಂಭವವಿರುವುದು ಎಂದಷ್ಟೇ. ‘ಬೌಂಡ್ ಟು’ ಕೂಡ ಇಂಥದೇ ಎರಡು ನಾಲಿಗೆಯದು. ‘ವಿ ಆರ್ ಬೌಂಡ್ ಟು ಒಬೇ ದಿ ಆರ್ಡರ್’ ಎಂಬಲ್ಲಿ ಬಾಧ್ಯತೆ, ‘ಇಟ್ ಈಸ್ ಬೌಂಡ್ ಟು ರೇನ್’ ಎಂಬಲ್ಲಿ ಮಳೆ ಬಂದೇ ಬರುತ್ತದೆಂಬ ಖಾತರಿ.

ರಜೆಯ ಅರ್ಜಿಗಳ ಕೊನೆಯಲ್ಲಿ ನಮ್ಮವರು ತಪ್ಪದೆ ಬರೆಯುವ ‘ಅಂಡ್ ಒಬ್ಲೈಜ್’ ಎಂಬುದು ಬಾಧ್ಯತೆಯ ಮಾತಲ್ಲ, ಉಪಕಾರ ಮಾಡಿ ಎಂಬ ಬೇಡಿಕೆ. ‘ಮಚ್ ಒಬ್ಲೈಜ್ಡ್’ ಎಂದರೆ ಋಣಿಯಾಗಿದ್ದೇನೆ. ‘ಐ ಆಮ್ ಒಬ್ಲೈಜ್ಡ್ ಟು ಇನ್‌ಫಾರ್ಮ್ ಯು’ ಎಂದಾಗ ಮಾತ್ರ ತಿಳಿಸುವುದು ನನಗೆ ಅನಿವಾರ್ಯ ಎಂಬ ಅರ್ಥ ಬರುತ್ತದೆ. ಅದರ ಹಿಂದೆ ಸಾಮಾನ್ಯವಾಗಿ ಕೆಟ್ಟ ಸುದ್ದಿಯೇ ಇರುತ್ತದೆ. ಹಳೆಯ ‘ಅಂಡ್ ಒಬ್ಲೈಜ್’ ಬಿಟ್ಟು ‘ಐ ರಿಕ್ವೆಸ್ಟ್ ಯು ಟು ಗ್ರಾಂಟ್ ಮಿ ಲೀವ್’ ಎಂದರೆ ಸಾಕು.

ಏಳನೆಯ ಹೆಜ್ಜೆ: ಕರ್ತವ್ಯವನ್ನು ಮೀರಿದ್ದನ್ನು ಹೇಳುವುದು

ಇದನ್ನು ಅಭ್ಯಾಸ ಮಾಡಲು ಚಿತ್ರದುರ್ಗದವರಿಗೆ ಬೇರೆ ಪಠ್ಯ ಬೇಡ. ಕೋಟೆಯ ಓಬವ್ವನ ಕಿಂಡಿಯ ಕಥೆಯೇ ಸಾಕು. ಕಾವಲುಗಾರ ಊಟಕ್ಕೆ ಕುಳಿತಿದ್ದಾನೆ, ನೀರು ತರಲು ಹೋದ ಹೆಂಡತಿ ಕಿಂಡಿಯಿಂದ ನುಸುಳುತ್ತಿರುವ ಹೈದರಾಲಿಯ ಸೈನಿಕರನ್ನು ಕಾಣುತ್ತಾಳೆ, ಒನಕೆ ಹಿಡಿದು ನಿಲ್ಲುತ್ತಾಳೆ. ಇಲ್ಲಿ ಇಬ್ಬರ ಸ್ಥಿತಿಗೂ ಬೇರೆ ಬೇರೆ ಇಂಗ್ಲಿಷ್ ಬೇಕು. ಗಂಡನ ಬಗ್ಗೆ ‘ಹಿ ವಾಸ್ ಡ್ಯೂಟಿ ಬೌಂಡ್ ಟು ಗಾರ್ಡ್ ದಿ ಫೋರ್ಟ್’ ಎನ್ನಬಹುದು, ಏಕೆಂದರೆ ಪಾಳೆಯಗಾರರ ಊಳಿಗ ಅವನದು. ಓಬವ್ವನ ಬಗ್ಗೆ ಹಾಗೆ ಬರೆದರೆ ಅವಳ ಸಾಹಸ ಅರ್ಧಕ್ಕಿಳಿಯುತ್ತದೆ. ‘ಶಿ ವಾಸ್ ಅಂಡರ್ ನೋ ಒಬ್ಲಿಗೇಷನ್ ಟು ಫೈಟ್, ಶಿ ಟುಕ್ ಇಟ್ ಅಪಾನ್ ಹರ್‌ಸೆಲ್ಫ್’ ಎಂದರೆ ಯಾರೂ ಹೊರಿಸದ ಹೊಣೆಯನ್ನು ತಾನೇ ಹೊತ್ತಳೆಂಬುದು ಸ್ಪಷ್ಟ. ಊಟದ ಮಧ್ಯೆ ಗಂಡನನ್ನು ಎಬ್ಬಿಸಲಿಲ್ಲ ಎಂಬ ವಿವರಕ್ಕೆ ‘ಶಿ ಡಿಡ್ ನಾಟ್ ಹ್ಯಾವ್ ಟು ಡು ಇಟ್ ಅಲೋನ್’ ಎಂಬುದನ್ನು ಸೇರಿಸಿದರೆ ಎರಡನೆಯ ಹೆಜ್ಜೆಯ ನಿಷೇಧರೂಪಕ್ಕೂ ಅಭ್ಯಾಸವಾಯಿತು. ಕರ್ತವ್ಯದ ಕರೆಯನ್ನೂ ಮೀರಿದ ಇಂಥ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಬಿಯಾಂಡ್ ದಿ ಕಾಲ್ ಆಫ್ ಡ್ಯೂಟಿ’ ಎನ್ನುತ್ತಾರೆ.

‘ಟುಕ್ ಇಟ್ ಅಪಾನ್ ಹರ್‌ಸೆಲ್ಫ್’ ಎಂಬುದನ್ನು ಕಚೇರಿಯಲ್ಲಿ ಬಳಸುವಾಗ ಮಾತ್ರ ಎಚ್ಚರವಿರಲಿ. ಯಾರನ್ನೂ ಕೇಳದೆ ತಾನೇ ಮುಂದಾಗಿ ಮಾಡಿದ ಎಂಬ ಆಕ್ಷೇಪಕ್ಕೂ ಅದೇ ನುಡಿಗಟ್ಟು ಬಳಕೆಯಲ್ಲಿದೆ. ಸ್ವಂತ ಕೆಲಸದ ಬಗ್ಗೆ ಹೇಳುವಾಗ ‘ಐ ವಾಲಂಟಿಯರ್ಡ್ ಟು’ ಎಂಬುದು ನಿರಪಾಯಕಾರಿ.

ಎಂಟನೆಯ ಹೆಜ್ಜೆ: ಬಾಯಿಬಿಟ್ಟು ಹೇಳಿ ನೋಡುವುದು

ಬರೆದದ್ದನ್ನು ಸಂದರ್ಶನಕ್ಕೆ ಮುನ್ನ ಗಟ್ಟಿಯಾಗಿ ಓದಬೇಕು, ಏಕೆಂದರೆ ಈ ಪದಗಳ ಉಚ್ಚಾರ ಕಾಗದದ ಮೇಲಿದ್ದಂತಿಲ್ಲ. ಸಹಜ ಮಾತಿನಲ್ಲಿ ‘ಹ್ಯಾವ್ ಟು’ ಎಂಬುದು ‘ಹ್ಯಾಫ್‌ಟು’ ಎಂದೂ, ‘ಹ್ಯಾಡ್ ಟು’ ಎಂಬುದು ‘ಹ್ಯಾಟ್‌ಟು’ ಎಂಬಂತೆಯೂ ಕೇಳಿಸುತ್ತದೆ. ‘ಮಸ್ಟ್ ನಾಟ್’ ಕೂಡಿಕೊಂಡಾಗ ನಡುವಿನ ಟಕಾರ ಬಿದ್ದುಹೋಗಿ ‘ಮಸಂಟ್’ ಆಗುತ್ತದೆ. ‘ಸಪೋಸ್ಡ್ ಟು’ವಿನ ಡಕಾರ ಕಿವಿಗೆ ಬೀಳದಿರುವುದರಿಂದ ಬರೆಯುವಾಗಲೂ ಅದನ್ನು ಬಿಟ್ಟು ‘ಸಪೋಸ್ ಟು’ ಎಂದು ಬರೆಯುವವರಿದ್ದಾರೆ. ಕೇಳದಿದ್ದರೂ ಅದನ್ನು ಬರೆಯಲೇಬೇಕು. ಒತ್ತು ಎಲ್ಲಿ ಬೀಳುತ್ತದೆಂಬುದೂ ಅರ್ಥವನ್ನು ಬದಲಿಸುತ್ತದೆ: ‘ಐ ವಿಲ್ ಫಿನಿಶ್ ಇಟ್’ ಎಂಬಲ್ಲಿ ‘ವಿಲ್’ ಮೇಲೆ ಒತ್ತು ಕೊಟ್ಟರೆ ‘ಮುಗಿಸಿಯೇ ತೀರುತ್ತೇನೆ’ ಎಂದಾಗುತ್ತದೆ, ಒತ್ತಿಲ್ಲದೆ ‘ಐಲ್ ಫಿನಿಶ್ ಇಟ್’ ಎಂದರೆ ‘ಮುಗಿಸುತ್ತೇನೆ’ ಎಂದಷ್ಟೇ. ಕನ್ನಡದಲ್ಲಿ ‘ಏ’ಕಾರ ಮಾಡುವ ಕೆಲಸವನ್ನು ಅಲ್ಲಿ ಧ್ವನಿಯ ಒತ್ತು ಮಾಡುವುದರಿಂದ, ಎರಡನ್ನೂ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿ, ಸಂದರ್ಶಕರ ಯಾವ ಪ್ರಶ್ನೆಗೆ ಯಾವ ‘ವಿಲ್’ ಹೇಳಬೇಕೆಂಬುದನ್ನು ಹಿಂದಿನ ದಿನವೇ ತೀರ್ಮಾನಿಸಿಕೊಂಡಿರಿ.